ನಿಂತ ಹಡಗಿನ ಹೊಗೆ

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಮ್ಮ ಮನೆ ಬಂದರಿನ ಹತ್ತಿರವಿತ್ತು. ಒಣಹಾಕಿದ ಬಿಳಿ ಪಂಚೆಯ ಮೇಲೆ ಮಸಿ ಕೂರುತ್ತಿತ್ತು. "ಕಟ್ಟಿಹಾಕಿದ ಹಡಗು ಯಾಕ್ರೀ ಹೊಗೆ ಬಿಡುತ್ತೆ?" ಎಂದರೆ, "ಇಂಗ್ಲಿಷ್ ಬಿ.ಎ. ಓದಿದವಳಿಗೆ ಅದೆಲ್ಲ ಯಾಕೆ?" ಎಂದು ಯಜಮಾನರು ನಕ್ಕರು. ಉತ್ತರವನ್ನು ಎಷ್ಟೋ ವರ್ಷದ ಮೇಲೆ ನಾನೇ ಓದಿ ತಿಳಿದುಕೊಂಡೆ.

ಮಕ್ಕಳೇ, ಕರೆಂಟು ಹೋದಾಗ ನಿಮ್ಮ ಕಟ್ಟಡದಲ್ಲಿ ಜನರೇಟರ್ ಹಾಕುತ್ತಾರಲ್ಲ, ಹಡಗಿಗೆ ಸದಾ ಅದೇ ಗತಿ. ದೊಡ್ಡ ಎಂಜಿನ್ ನಿಂತರೂ ದೀಪ, ಪಂಪು, ಅಡುಗೆಮನೆ, ತಣ್ಣಗಿಡಬೇಕಾದ ಸರಕು ಇವುಗಳಿಗಾಗಿ ಸಣ್ಣ ಎಂಜಿನ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ದಡದಿಂದ ದಪ್ಪ ಕೇಬಲ್ ಎಳೆದು ಕರೆಂಟು ಕೊಟ್ಟರೆ ಅವನ್ನೂ ನಿಲ್ಲಿಸಬಹುದು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರು 2000ದಲ್ಲೇ ಸರಕಿನ ಹಡಗುಗಳಿಗೆ ಹೀಗೆ ಹೈ ವೋಲ್ಟೇಜ್ ಕರೆಂಟು ಕೊಟ್ಟಿತು. ಮರುವರ್ಷ ಅಲಾಸ್ಕದ ಜುನೋದಲ್ಲಿ ಪ್ರವಾಸಿ ಹಡಗುಗಳಿಗೂ ಸಿಕ್ಕಿತು.

ಪ್ಲಗ್ ಚುಚ್ಚಿದರೆ ಮುಗಿಯಿತೆ? ನಮ್ಮ ದೇಶದ ಕರೆಂಟು 50 ಹರ್ಟ್ಸ್, ಬಹಳಷ್ಟು ದೊಡ್ಡ ಹಡಗುಗಳದ್ದು 60. ನಡುವೆ ಅದನ್ನು ಬದಲಿಸುವ ದುಬಾರಿ ಯಂತ್ರ ಬೇಕು. ಹಡಗಿನೊಳಗೂ ಸಲಕರಣೆ ಇರಬೇಕು. ಮೊದಲು ನೀವು ಮಾಡಿ ಎಂದು ಬಂದರಿನವರು, ಇಲ್ಲ ನೀವು ಮಾಡಿ ಎಂದು ಹಡಗಿನವರು. ಥೇಟ್ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರ ಮಾತುಕತೆ! ಇಷ್ಟೆಲ್ಲ ಆಗಿ ಆ ಕರೆಂಟು ಕಲ್ಲಿದ್ದಲಿನದಾದರೆ, ಮಸಿ ಇನ್ಯಾರದೋ ಪಂಚೆಗೆ. ನನ್ನ ತವರಿನ ಕಡೆಯೂ ಅಂಥ ಚಿಮಣಿಗಳಿವೆ.

ಬಿಸಿಲಿನ ಕರೆಂಟು ಇದೆಯಲ್ಲ ಎನ್ನುತ್ತೀರಿ. ರಾತ್ರಿ ಬಂದು ನಿಂತ ಹಡಗಿಗೆ? ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರು ಸಂಘದ ಮುಂದಿನ ಸಭೆಗೆ ಬಂದಾಗ ನನಗೆ ತಿಳಿಸಿ ಹೇಳಿ. ಯಜಮಾನರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.