ತಂಪಾನೂರಿನಲ್ಲಿ ಒಂದು ಹಾಡಿನ ಪಟ್ಟಿ

ರೈಲು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಸ್ಟೇಷನ್ನಿನಲ್ಲಿ ಇರಬೇಕು ಎನ್ನುವುದು ನಮ್ಮಪ್ಪನ ನಿಯಮ. ಯಾವ ಊರಾದರೂ ಸರಿ, ಯಾವ ರೈಲಾದರೂ ಸರಿ. ಹಾಗಾಗಿ ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ, ಕಳಕೂಟಂನ ನನ್ನ ಫ್ಲ್ಯಾಟಿನಲ್ಲಿ ಒಂದು ತಿಂಗಳು ಇದ್ದು ಊರಿಗೆ ಹೊರಟ ಅಪ್ಪನನ್ನು ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿಸಲು ಬಂದವನು, ಮಾಡಲು ಕೆಲಸವಿಲ್ಲದೆ ತಂಪಾನೂರಿನಲ್ಲಿ ನಿಂತಿದ್ದೆ. ತಿರುವನಂತಪುರಕ್ಕೆ ಬಂದವರಿಗೆ ಈ ಜಾಗ ಗೊತ್ತಿರುತ್ತದೆ. ರಸ್ತೆಯ ಒಂದು ಕಡೆ ರೈಲ್ವೆ ಸ್ಟೇಷನ್, ಎದುರಿಗೆ ಬಸ್ ನಿಲ್ದಾಣ. ಪಕ್ಕದಲ್ಲೇ ಲಾರಿ ಬೇಕರ್ ಕಟ್ಟಿದ ಕೆಂಪು ಇಟ್ಟಿಗೆಯ ಗೋಪುರ, ಅಂದರೆ ಇಂಡಿಯನ್ ಕಾಫಿ ಹೌಸ್. ಒಳಗೆ ಮೆಟ್ಟಿಲುಗಳಿಲ್ಲ. ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತಾ ಏರುವ ಇಳಿಜಾರು, ಅದರುದ್ದಕ್ಕೂ ಗೋಡೆಗೆ ಸೇರಿಸಿ ಕಟ್ಟಿದ ಮೇಜು, ಬೆಂಚು. ಮಂಡಿನೋವಿನ ಅಪ್ಪನಿಗೆ ಆ ಇಳಿಜಾರು ಬಹಳ ಹಿಡಿಸಿತು. ಮಸಾಲೆ ದೋಸೆಯೊಳಗಿನ ಬೀಟ್‌ರೂಟ್ ಪಲ್ಯ ಹಿಡಿಸಲಿಲ್ಲ.

ಕಾಫಿ ಬರುವವರೆಗೆ ಏನಾದರೂ ಮಾತಾಡಬೇಕಲ್ಲ. ಫೋನ್ ತೆಗೆದು ನನ್ನ ಪಟ್ಟಿ ತೋರಿಸಿದೆ.

ಆ ಪಟ್ಟಿಗೂ ಒಂದು ಕಾರಣವಿದೆ. ನಮ್ಮ ಟೀಮಿನಲ್ಲಿ ಕೋಟ್ಟಯಂ ಕಡೆಯ ಒಬ್ಬ ಹುಡುಗನಿದ್ದಾನೆ, ಗಿಟಾರ್ ಬಾರಿಸುತ್ತಾನೆ. ಎಲ್ಲಿಗೆ ಔಟಿಂಗ್ ಹೋದರೂ ರಾತ್ರಿ ಹತ್ತರ ನಂತರ ಜಾನ್ ಡೆನ್ವರ್‌ನ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಬಂದೇ ಬರುತ್ತದೆ. 1971ರ ಹಾಡು. ಅಮೆರಿಕದ ಪಾಪ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ತಮಾಷೆಯೆಂದರೆ, ಹಳ್ಳಿಯವರದೇ ಎನಿಸಿಕೊಂಡಿದ್ದ ಕಂಟ್ರಿ ಪಟ್ಟಿಯಲ್ಲಿ ಐವತ್ತರ ಮೇಲೆ ಹೋಗಲೇ ಇಲ್ಲ. ಅದನ್ನು ಬರೆಯಲು ಶುರುಮಾಡಿದ ದಂಪತಿ ಆ ಹಾಡು ಹೊಗಳುವ ವೆಸ್ಟ್ ವರ್ಜೀನಿಯಾಕ್ಕೆ ಅಲ್ಲಿಯವರೆಗೆ ಕಾಲೇ ಇಟ್ಟಿರಲಿಲ್ಲ, ಅವರಿಗೆ ಹಾಡು ಹೊಳೆದದ್ದು ಮೇರಿಲ್ಯಾಂಡ್‌ನ ಒಂದು ರಸ್ತೆಯಲ್ಲಿ. ಇಂಥ ಹಾಡುಗಳು ಹಳ್ಳಿಯವೋ ಪೇಟೆಯವೋ ಎಂದು ಅಲ್ಲಿ ಜಗಳವೇ ಆಗಿದೆ. 1975ರ ಪ್ರಶಸ್ತಿ ಸಮಾರಂಭದಲ್ಲಿ ವರ್ಷದ ಕಲಾವಿದನ ಹೆಸರು ಓದಬೇಕಿದ್ದ ಚಾರ್ಲಿ ರಿಚ್, ಜಾನ್ ಡೆನ್ವರ್ ಹೆಸರಿದ್ದ ಚೀಟಿಗೆ ವೇದಿಕೆಯ ಮೇಲೇ ಲೈಟರ್‌ನಿಂದ ಬೆಂಕಿ ಹಚ್ಚಿದ. ಹುಡುಗ ಇದನ್ನೆಲ್ಲ ಹೇಳಿ, ‘ಚೇಟ್ಟಾ, ನಿಮ್ಮ ಕನ್ನಡದಲ್ಲಿ ಇಂಥದ್ದು ಇದೆಯಾ?’ ಎಂದ.

ಇಲ್ಲದೆ ಏನು! ಆವತ್ತು ರಾತ್ರಿಯೇ ಕೂತು ಬರೆದೆ. 1971ರಿಂದ 74ರವರೆಗಿನ ನಾಲ್ಕು ವರ್ಷ. ಹಾಡಿನಲ್ಲಿ ಹಳ್ಳಿಯೋ ಕಾಡೋ ಬೆಟ್ಟವೋ ಇರಬೇಕು, ಹಿಂದೆ ಪೇಟೆಯ ಆರ್ಕೆಸ್ಟ್ರಾ ಇರಬೇಕು, ಎರಡೂ ಕಡೆಯ ಜನ ಗುನುಗಿರಬೇಕು. ಪಟ್ಟಿ ಮಾಡುತ್ತಾ ಹೋದಂತೆ ನಗು ಬಂತು. ನಮ್ಮ ಮಣ್ಣಿನ ವಾಸನೆಯ ಈ ಹಾಡುಗಳು ಬಹುಪಾಲು ತಯಾರಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಹಾಡಿದವರಲ್ಲಿ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಪಿ. ಸುಶೀಲಾ ವಿಜಯನಗರಂನವರು, ಎಸ್. ಜಾನಕಿ ಗುಂಟೂರು ಕಡೆಯವರು. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಸಹಾಯಕನಾಗಿ ಗಿಟಾರ್ ಹಿಡಿದು ಕೂತಿದ್ದ ತಮಿಳು ಹುಡುಗ ಮುಂದೆ ಇಳಯರಾಜಾ ಆದರು. ನಾವೆಲ್ಲ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಈ ಹಾಡು ಕೇಳಿ ಊರು ನೆನೆಯುತ್ತೇವೆ. ಹಾಡು ಮಾಡಿದವರೂ ಹಾಗೆಯೇ ಊರು ಬಿಟ್ಟು ಬಂದವರು.

ಐದನೇ ಸ್ಥಾನ ‘ವಿರಹಾ ನೂರು ನೂರು ತರಹ’ಕ್ಕೆ. 1973ರ ‘ಎಡಕಲ್ಲು ಗುಡ್ಡದ ಮೇಲೆ’, ಎಂ. ರಂಗರಾವ್ ಸಂಗೀತ, ಜಾನಕಿ ಕಂಠ. ಒಪ್ಪಿಕೊಳ್ಳುತ್ತೇನೆ, ಇದು ಶಿಫಾರಸ್ಸಿನ ಮೇಲೆ ಒಳಗೆ ಬಂದ ಹಾಡು. ಭಾರತೀಸುತರ ಕಾದಂಬರಿಯ ಎಡಕಲ್ಲು ಇರುವುದು ವಯನಾಡಿನಲ್ಲಿ. ನಮ್ಮ ಕೋಟ್ಟಯಂ ಹುಡುಗ ಶಾಲೆಯ ಟ್ರಿಪ್‌ನಲ್ಲಿ ಆ ಗುಹೆ ನೋಡಿ ಬಂದಿದ್ದಾನೆ. ಜಾನಕಿಯಮ್ಮ ಬೇರೆ ಮಲಯಾಳಂನವರೇ ಎಂದು ನಂಬಿದ್ದಾನೆ. ನಾನು ಕನ್ನಡದವರು ಎಂದು ನಂಬಿದ್ದ ಹಾಗೆಯೇ.

ನಾಲ್ಕಕ್ಕೆ ‘ಉತ್ತರ ಧ್ರುವದಿಂ’. ಬೇಂದ್ರೆಯವರ ಕವಿತೆ, 1971ರ ‘ಶರಪಂಜರ’. ಕವಿತೆಯನ್ನು ಪುಸ್ತಕದಿಂದ ಎತ್ತಿ ಟೆಂಟ್ ಸಿನಿಮಾದ ಕೊನೆಯ ಸಾಲಿಗೂ ಮುಟ್ಟಿಸಿದ್ದು ವಿಜಯಭಾಸ್ಕರ್. ಈ ವಿಜಯಭಾಸ್ಕರ್ ಬಗ್ಗೆ ನಾನಿರುವ ಊರಿನ ದೃಷ್ಟಿಯಿಂದ ಒಂದು ಮಾತು ಹೇಳಲೇಬೇಕು. ಅಡೂರು ಗೋಪಾಲಕೃಷ್ಣನ್ ಅವರ ‘ಮತಿಲುಗಳ್’, ‘ವಿಧೇಯನ್’ ಚಿತ್ರಗಳಿಗೆ ಸಂಗೀತ ಕೊಟ್ಟವರು ಇವರೇ. ಪುಟ್ಟಣ್ಣನವರಿಗೆ ಅಷ್ಟೊಂದು ಹಾಡು ಕೊಟ್ಟ ಮನುಷ್ಯ ಇಲ್ಲಿ ಬಂದು ಮೌನದ ಸುತ್ತ ಸಂಗೀತ ಕಟ್ಟಿದರು. ಆಫೀಸಿನಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ, ಫೋನ್ ತೆಗೆದು ತೋರಿಸಬೇಕಾಯಿತು.

ಮೂರು, ‘ಮಲೆನಾಡ ಹೆಣ್ಣ ಮೈ ಬಣ್ಣ’. ‘ಭೂತಯ್ಯನ ಮಗ ಅಯ್ಯು’, 1974. ಇದಕ್ಕೆ ಹೆಚ್ಚು ವಾದ ಬೇಡ, ಮದುವೆ ಮನೆಗಳಲ್ಲಿ ಇವತ್ತಿಗೂ ಕೇಳಿ. ಎರಡು, ಅದೇ ವರ್ಷದ ‘ಉಪಾಸನೆ’ಯ ‘ಸಂಪಿಗೆ ಮರದ’. ಬಿ.ಕೆ. ಸುಮಿತ್ರಾ ಸ್ವತಃ ಮಲೆನಾಡಿನವರು. ಸಿನಿಮಾ ಹಾಡಿನಲ್ಲಿ ಸಾಮಾನ್ಯವಾಗಿರುವ ಒತ್ತಾಯ ಆ ದನಿಯಲ್ಲಿಲ್ಲ, ಅಂಗಳದಲ್ಲಿ ಕೂತು ಯಾರೋ ತಮ್ಮಷ್ಟಕ್ಕೆ ಹಾಡಿಕೊಂಡ ಹಾಗಿದೆ.

ಒಂದನೇ ಸ್ಥಾನ ‘ಯಾರೇ ಕೂಗಾಡಲಿ’ಗೆ. 1974ರ ‘ಸಂಪತ್ತಿಗೆ ಸವಾಲ್’. ಪಿ.ಬಿ. ದುತ್ತರಗಿಯವರ ನಾಟಕ ಕಂಪನಿಗಳ ಮೂಲಕ ಉತ್ತರ ಕರ್ನಾಟಕವೆಲ್ಲ ಸುತ್ತಿ ಆಮೇಲೆ ಸಿನಿಮಾ ಆಯಿತು. ಆ ಹಾಡಿಗೆ ಪಿ.ಬಿ. ಶ್ರೀನಿವಾಸ್ ಸಿಗದೆ, ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ಅಲ್ಲಿಂದಾಚೆಗೆ ಅಣ್ಣಾವ್ರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಎಮ್ಮೆಯ ಬೆನ್ನು, ಕಂಪನಿ ನಾಟಕದ ಗಂಟಲು, ಹಿಂದೆ ಪೇಟೆಯ ವಾದ್ಯಗಳು. ಡೆನ್ವರ್‌ನ ರಸ್ತೆಗಿಂತ ನಮ್ಮ ಎಮ್ಮೆ ಯಾವುದರಲ್ಲಿ ಕಮ್ಮಿ?

ಅಪ್ಪ ಕನ್ನಡಕ ಮೂಗಿನ ತುದಿಗೆ ತಂದು, ಫೋನನ್ನು ಕೈಯಳತೆಯ ದೂರದಲ್ಲಿ ಹಿಡಿದು ಪೂರ್ತಿ ಓದಿದ.

‘ವಿರಹಾ ತೆಗಿ. ಅದು ಬಂಗಲೆ ಹಾಡು, ಹಳ್ಳೀದಲ್ಲ.’

‘ಸರಿ.’

‘ಬಾರೆ ಬಾರೆ ಎಲ್ಲೋ?’

ನಾವು ಚಿತ್ರದುರ್ಗ ಜಿಲ್ಲೆಯವರು, ಹಿರಿಯೂರು ತಾಲ್ಲೂಕು. ‘ನಾಗರಹಾವು’ ಬಿಟ್ಟರೆ ಅಪ್ಪನಿಗೆ ಜಾತಿಯಿಂದ ಹೊರಗೆ ಹಾಕಿದ ಹಾಗೆ. ಅದು ಸ್ಲೋ ಮೋಷನ್ನಿನ ಪ್ರೇಮಗೀತೆ, ಹಳ್ಳಿ ಹಾಡಲ್ಲ ಎಂದು ವಾದಿಸಿದೆ. ‘ದುರ್ಗದ ಕಲ್ಲು ನಿನಗೆ ಪೇಟೆ ತರ ಕಾಣುತ್ತಾ?’ ಎಂದ. ಕಾಫಿ ಬಂತು. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಊದುತ್ತಾ ಕೂತ. ಆಮೇಲೆ ತಲೆ ಎತ್ತದೆ ಕೇಳಿದ:

‘ಬಂಗಾರದ ಮನುಷ್ಯದ್ದು ಒಂದೂ ಇಲ್ಲ?’

ನಾನು ಅದನ್ನು ಮರೆತು ಬಿಟ್ಟಿರಲಿಲ್ಲ.

‘ಬಂಗಾರದ ಮನುಷ್ಯ’ 1972ರ ಮಾರ್ಚ್ ಕೊನೆಯಲ್ಲಿ ಬಿಡುಗಡೆಯಾಗಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದರು ಎನ್ನುವುದು ಕನ್ನಡಿಗರು ಹೆಮ್ಮೆಯಿಂದ ಹೇಳುವ ಮಾತು. ಆ ಮಾತು ಕೇಳಿದಾಗೆಲ್ಲ ನಾನು ಸುಮ್ಮನಿರುತ್ತೇನೆ. ಹಾಗೆ ಮರಳಿದವರಲ್ಲಿ ನಮ್ಮಪ್ಪನೂ ಒಬ್ಬ. ಹತ್ತೊಂಬತ್ತು ವರ್ಷ, ಪಿಯುಸಿ ಪಾಸು, ಒಂದು ಗುಮಾಸ್ತೆ ಕೆಲಸದ ಆರ್ಡರ್ ಕೈಯಲ್ಲಿತ್ತು. ಹೋಗಲಿಲ್ಲ. ಬಂಡೆ ಒಡೆಯುವ ‘ಆಗದು ಎಂದು’ ಹಾಡನ್ನು ಶಿಳ್ಳೆಯಲ್ಲಿ ಬಾರಿಸುತ್ತಾ ತಾತನ ಒಣ ಜಮೀನಿಗೆ ಇಳಿದನಂತೆ. ಬಾವಿ ತೋಡಿದ, ಅದಕ್ಕೆ ಬಂಡೆ ಅಡ್ಡ ಬಂತು. ಅದನ್ನೂ ಸಿಡಿಸಿದ. ಹದಿನೈದು ವರ್ಷ ನೀರು ಇತ್ತು. ಆಮೇಲೆ ಬೋರ್‌ವೆಲ್‌ಗಳ ಕಾಲ ಬಂತು, ಮೊದಲನೆಯದು ಬಿತ್ತು, ಎರಡನೆಯದು ಧೂಳು. 2001ರಿಂದ ಮೂರು ವರ್ಷ ಸತತ ಬರ. ಮೂರನೆಯದಕ್ಕೆ ಮಾಡಿದ ಸಾಲಕ್ಕೆ ನಾಲ್ಕು ಎಕರೆ ಹೋಯಿತು. ಉಳಿದದ್ದರಲ್ಲಿ ಒಂದು ತುಂಡು ನನ್ನ ಇಂಜಿನಿಯರಿಂಗ್ ಫೀಸಿಗೆ. ಅಮ್ಮ ಒಮ್ಮೆ ಸಿಟ್ಟಿನಲ್ಲಿ, ‘ಆ ರಾಜ್‌ಕುಮಾರ್ ಸಿನಿಮಾ ಮಾಡಿಕೊಂಡು ಹೋದ, ನಾವು ಕಲ್ಲು ಹೊತ್ತೆವು’ ಎಂದದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ಹಾಸ್ಟೆಲಿನಲ್ಲಿ ಯಾರಾದರೂ ಆ ಹಾಡು ಹಾಕಿದರೆ ಎದ್ದು ಹೊರಗೆ ಹೋಗುತ್ತಿದ್ದೆ.

ಇಷ್ಟನ್ನು ಅಪ್ಪನ ಮುಂದೆ ಹೇಳಿದವನಲ್ಲ. ತಂಪಾನೂರಿನಲ್ಲಿ ಹೇಳಿದೆ, ಇಷ್ಟು ಉದ್ದಕ್ಕಲ್ಲ. ‘ಆ ಹಾಡು ನಂಬಿ ನೀನು ಕೆಟ್ಟೆ ಅಂತ ಅನ್ನಿಸುತ್ತೆ ಅಪ್ಪ. ಅದಕ್ಕೇ ಹಾಕಲಿಲ್ಲ.’

ಅಪ್ಪ ನಕ್ಕುಬಿಟ್ಟ. ಪಕ್ಕದ ಮೇಜಿನವರು ತಿರುಗಿ ನೋಡಿದರು.

‘ಲೇ, ನಾನು ಆ ಸಿನಿಮಾ ಪೂರ್ತಿ ನೋಡೇ ಇರಲಿಲ್ಲ ಕಣೋ.’

ಹೀಗಾಗಿತ್ತಂತೆ. ದುರ್ಗಕ್ಕೆ ಹೋಗಿ ಮೂರು ಸಲ ನೋಡಿದ್ದು ನಿಜ, ಮೂರೂ ಸಲ ಫಸ್ಟ್ ಶೋ. ಊರಿನ ಕಡೇ ಬಸ್ಸು ಸಿನಿಮಾ ಮುಗಿಯುವ ಹೊತ್ತಿಗಿಂತ ಸ್ವಲ್ಪ ಮೊದಲೇ ಹೊರಡುತ್ತಿತ್ತು. ಜಮೀನು ಹಸಿರಾಗಿ, ಊರೆಲ್ಲ ರಾಜೀವಪ್ಪನನ್ನು ಕೊಂಡಾಡುವಲ್ಲಿಗೆ ಇವನು ಎದ್ದು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದ. ತಾನು ಸಾಕಿದ ಹುಡುಗನ ಬಾಯಿಂದಲೇ ಮಾತು ಕೇಳಿ, ಊಟದ ಎಲೆಯಿಂದ ಎದ್ದು ರಾಜೀವ ಊರು ಬಿಟ್ಟು ನಡೆದುಹೋಗುವ ಕೊನೆಯನ್ನು ಅಪ್ಪ ಬೇರೆಯವರ ಬಾಯಲ್ಲಿ ಕೇಳಿದ್ದ, ಕಣ್ಣಲ್ಲಿ ನೋಡಿರಲಿಲ್ಲ. ನೋಡಿದ್ದು ತೊಂಬತ್ತರ ದಶಕದಲ್ಲಿ, ನಮ್ಮ ಬೀದಿಯ ಒಬ್ಬರ ಮನೆಯ ಟೀವಿಯಲ್ಲಿ, ಒಂದು ಭಾನುವಾರ ಸಂಜೆ. ಆ ಸಂಜೆ ನನಗೂ ನೆನಪಿದೆ. ನಾನು ಅವನ ತೊಡೆಯ ಮೇಲಿದ್ದೆ. ಸಿನಿಮಾ ಮುಗಿದ ಮೇಲೆ ಎಲ್ಲರೂ ಮೂಗು ಸೀಟುತ್ತಿದ್ದಾಗ ಅಪ್ಪ ನನ್ನನ್ನು ಇಳಿಸಿ, ಮೋಟರು ಆಫ್ ಮಾಡಿ ಬರ್ತೀನಿ ಎಂದು ಹೋದವನು ರಾತ್ರಿ ಊಟಕ್ಕೂ ಬರಲಿಲ್ಲ. ಅವತ್ತು ಕರೆಂಟೇ ಇರಲಿಲ್ಲವೇನೋ ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೆ. ಕರೆಂಟಿಲ್ಲದೆ ಟೀವಿ ಹೇಗೆ ಓಡುತ್ತೆ ಎನ್ನುವುದು ಹೊಳೆದಿರಲಿಲ್ಲ.

‘ಕೊನೆ ನೋಡಿದ್ದರೆ ಬರ್ತಿರಲಿಲ್ಲವಾ, ಜಮೀನಿಗೆ?’ ಕೇಳಿದೆ.

‘ಬರ್ತಿದ್ದೆ. ಗುಮಾಸ್ತೆ ಕೆಲಸ ಮಾಡೋಕೆ ನನಗೆ ಇಷ್ಟ ಇರಲಿಲ್ಲ. ನಿಮ್ಮ ತಾತನಿಗೆ ಹಾಗಂತ ಹೇಳೋಕೆ ಧೈರ್ಯ ಇರಲಿಲ್ಲ. ಸಿನಿಮಾ ನೋಡಿ ಬಂದೆ ಅಂದೆ. ಊರೆಲ್ಲ ಅದನ್ನೇ ಮಾತಾಡ್ತಿತ್ತು, ಅವರೂ ಒಪ್ಪಿಕೊಂಡರು.’ ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ಒರೆಸಿಕೊಂಡ. ‘ನೀರು ಹೋದದ್ದಕ್ಕೆ ಹಾಡು ಏನು ಮಾಡುತ್ತೆ? ಸುತ್ತಮುತ್ತ ಎಲ್ಲರೂ ಕೊರೆದರು, ನಾನೂ ಕೊರೆದೆ.’

ಐವತ್ತು ವರ್ಷ ಮನೆಯಲ್ಲಿ ಎಲ್ಲರೂ ಆ ಹಾಡನ್ನು ಬೈದಿದ್ದೇವೆ. ಅಪ್ಪ ಒಮ್ಮೆಯೂ ತಿದ್ದಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲವಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಫೋನಿಗೆ ಇಯರ್‌ಫೋನ್ ಸಿಕ್ಕಿಸಿ, ಒಂದು ಎಳೆ ಅವನ ಕಿವಿಗೆ, ಒಂದು ನನ್ನ ಕಿವಿಗೆ ಹಾಕಿದೆ. ಹತ್ತಾರು ವರ್ಷಗಳಿಂದ ತಪ್ಪಿಸಿಕೊಂಡಿದ್ದ ಹಾಡನ್ನು ಮೊದಲ ಸಲ ಕುಳಿತು ಕೇಳಿದೆ. ಪಿ.ಬಿ. ಶ್ರೀನಿವಾಸ್ ಎಲ್ಲೂ ಕೂಗುವುದಿಲ್ಲ. ಬಂಡೆ ಒಡೆಯುವ ಹಾಡು ಎಂದರೆ ಅಬ್ಬರವಿರುತ್ತದೆ ಎಂದುಕೊಂಡಿದ್ದೆ. ಇವರು ಪಕ್ಕದಲ್ಲಿ ನಿಂತು ಹೆಗಲ ಮೇಲೆ ಕೈಯಿಟ್ಟು ಹೇಳುವಂತೆ ಹಾಡಿದ್ದಾರೆ. ಎಂಟು ಭಾಷೆ ಬಲ್ಲ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಕೂತು ಬರೆಯುತ್ತಿದ್ದ ಆ ಸಾಧು ಮನುಷ್ಯ ಗುದ್ದಲಿ ಹಿಡಿದವರಂತೂ ಅಲ್ಲ. ಆದರೂ ದನಿಯಲ್ಲಿ ಸುಳ್ಳಿಲ್ಲ.

‘ಒಂದಕ್ಕೆ ಹಾಕಲಾ?’

‘ಬೇಡ. ಮೂರಕ್ಕೆ ಹಾಕು. ಪಲ್ಲವಿ ಚೆನ್ನಾಗಿದೆ, ಚರಣ ಉದ್ದ ಆಯ್ತು. ಆ ಸಿನಿಮಾದಲ್ಲಿ ಕುದುರೆ ಮೇಲಿನ ನಗುನಗುತಾ ನಲಿ ಇದಕ್ಕಿಂತ ಮೇಲು. ಅದನ್ನ ಎರಡಕ್ಕೆ ಹಾಕು.’

ಹಾಗೆ ಪಟ್ಟಿ ಪೂರ್ತಿ ಕಲಸಿಹೋಯಿತು. ವಿರಹಾ ಹೊರಗೆ, ಬಾರೆ ಬಾರೆ ಒಳಗೆ, ಸುಮಿತ್ರಾ ಎರಡರಿಂದ ನಾಲ್ಕಕ್ಕೆ. ಅದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಬೇಂದ್ರೆಯವರನ್ನು ಆರಕ್ಕೆ ಇಳಿಸಿದ್ದಕ್ಕೆ ಅಪ್ಪನೇ ಸ್ವಲ್ಪ ಹೆದರಿದ, ‘ದೊಡ್ಡವರು, ಏನಂದುಕೊಳ್ತಾರೋ’ ಎಂದ. ಮಲೆನಾಡ ಹೆಣ್ಣನ್ನು ಇಬ್ಬರೂ ಮರೆತೇಬಿಟ್ಟೆವು. ‘ಯಾರೇ ಕೂಗಾಡಲಿ’ ಮಾತ್ರ ಇದ್ದಲ್ಲೇ ಇತ್ತು, ಎಮ್ಮೆಯನ್ನು ಯಾರೂ ಅಲ್ಲಾಡಿಸಲಿಲ್ಲ.

ರೈಲು ಬಂದಾಗ ಕಿಟಕಿಯ ಪಕ್ಕ ಕೂರಿಸಿ, ಬಾಟಲಿಗೆ ನೀರು ತುಂಬಿಸಿ ಕೊಟ್ಟೆ. ರಾತ್ರಿ ಎಂಟರ ಸುಮಾರಿಗೆ ತ್ರಿಶೂರು ದಾಟಿದ ಮೇಲೆ ಅವನ ಫೋನ್ ಬಂತು. ಊಟ ಆಯಿತಾ, ಪಕ್ಕದ ಸೀಟಿನವರು ಹೇಗಿದ್ದಾರೆ ಎಂದು ನಾನು ಕೇಳುವ ಮೊದಲೇ, ‘ಆ ಇಯರ್‌ಫೋನ್ ನನ್ನ ಜೇಬಲ್ಲೇ ಬಂದುಬಿಟ್ಟಿದೆ ಕಣೋ, ನೀನು ಬೇರೆ ತಗೋ’ ಎಂದ. ‘ಆಮೇಲೆ, ಸುಮಿತ್ರಾನ ಮೂರಕ್ಕೆ ತಾ. ಇನ್ನೊಂದು ಸಲ ಕೇಳಿದೆ.’