ಎರಡನೇ ಪುಟ ಓದದ ಪತ್ರಕರ್ತರು

ಕಳೆದ ಮಳೆಗಾಲದಲ್ಲಿ ನಮ್ಮ ಬ್ಯಾಚಿನ ಗೆಳತಿಯ ಅಮ್ಮನಿಗೆ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಸೂಜಿ ಹಾಕಿ ಪರೀಕ್ಷಿಸಿದಾಗ ಥೈರಾಯ್ಡ್ ಕ್ಯಾನ್ಸರ್ ಎಂದಾಯಿತು. ಪ್ಯಾಪಿಲ್ಲರಿ ಎಂಬ ಬಗೆ. ಜೊತೆಗೊಂದು ಜೀನ್ ಪರೀಕ್ಷೆಯ ವರದಿಯೂ ಬಂತು. ಅದನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, 'ನೀವೆಲ್ಲ ಪತ್ರಕರ್ತರಲ್ವಾ, ಸ್ವಲ್ಪ ಓದಿ ಹೇಳಿ' ಎಂದಳು.

ಓದಿದೆವು. 'ಬಿಆರ್‌ಎಎಫ್ ವಿ600ಇ: ಪಾಸಿಟಿವ್' ಎಂದಿತ್ತು. ಗೂಗಲ್‌ನಲ್ಲಿ ಹುಡುಕಿದರೆ ಹರಡುವಿಕೆ, ಮರುಕಳಿಸುವಿಕೆ ಎಂಬ ಪದಗಳೇ ಎದುರಾದವು. 'ಹರಡೋ ಜಾತಿದು ಅನ್ಸುತ್ತೆ' ಎಂದು ಬರೆದುಬಿಟ್ಟೆವು. ಆಕೆ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಅವಳಮ್ಮ ಹಸು ಮಾರುವ ಮಾತೆತ್ತಿದರು.

ನಾಲ್ಕನೇ ದಿನ ವೈದ್ಯರ ಬಳಿ ನಾವೂ ಹೋದೆವು. ಅವರು ಸಮಾಧಾನವಾಗಿ ವಿವರಿಸಿದರು. ಬಿಆರ್‌ಎಎಫ್ ಅಂದರೆ ಜೀವಕೋಶಕ್ಕೆ 'ಬೆಳೆ' ಎನ್ನುವ ಸ್ವಿಚ್ ಇದ್ದಂತೆ. ಆ ಪ್ರೋಟೀನಿನ 600ನೇ ಜಾಗದಲ್ಲಿ ವ್ಯಾಲಿನ್ ಬದಲು ಗ್ಲುಟಾಮಿಕ್ ಆಮ್ಲ ಬಂದು ಕೂತರೆ ಸ್ವಿಚ್ ಆಫ್ ಆಗುವುದಿಲ್ಲ. ಆದರೆ ಪ್ಯಾಪಿಲ್ಲರಿ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಬದಲಾವಣೆ ಇರುತ್ತದೆ, ಅವರಲ್ಲಿ ಬಹುಪಾಲು ಜನ ಚೆನ್ನಾಗಿಯೇ ಬದುಕುತ್ತಾರೆ. ಅಷ್ಟು ಸಾಮಾನ್ಯವಾದ ಗುರುತು ಒಂಟಿಯಾಗಿ ಭವಿಷ್ಯ ಹೇಳಲಾರದು. ಟಿಇಆರ್‌ಟಿ ಎಂಬ ಇನ್ನೊಂದು ಜೀನಿನ ಬದಲಾವಣೆಯನ್ನು ಥೈರಾಯ್ಡ್ ಕ್ಯಾನ್ಸರಿನಲ್ಲಿ ಗುರುತಿಸಿದ್ದು 2013ರಲ್ಲಿ. ಎರಡೂ ಜೊತೆಗಿದ್ದರೆ ರೋಗ ಮರಳುವ, ಪ್ರಾಣಕ್ಕೆ ಎರವಾಗುವ ಅಪಾಯ ಹೆಚ್ಚು.

'ಎರಡನೇ ಪುಟ ನೋಡಿದ್ರಾ?' ಎಂದರು. ನೋಡಿರಲಿಲ್ಲ. ಅಲ್ಲಿ ಟಿಇಆರ್‌ಟಿ ಬದಲಾವಣೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು.

ಆಪರೇಷನ್ ಆಯಿತು. ಕುತ್ತಿಗೆಯ ಎರಡು ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಆಗಲೇ ಹರಡಿತ್ತು. ನಾವು ಬೆಚ್ಚಿದೆವು, ವೈದ್ಯರು ಬೆಚ್ಚಲಿಲ್ಲ. ಈ ಬಗೆಯಲ್ಲಿ ಕುತ್ತಿಗೆಯ ಗ್ರಂಥಿಗಳಿಗೆ ಹರಡುವುದು ಮಾಮೂಲು, ಶ್ವಾಸಕೋಶಕ್ಕೋ ಮೂಳೆಗೋ ಹರಡುವುದು ಬೇರೆ ಮಾತು ಎಂದರು. ಅಂದರೆ 'ಹರಡುತ್ತೆ' ಎಂದು ನಾವು ಬರೆದದ್ದು ಪೂರ್ತಿ ಸುಳ್ಳೇನಲ್ಲ. ಎಲ್ಲಿಗೆ, ಎಷ್ಟು, ಹರಡಿದರೆ ಏನು ಎಂಬುದನ್ನು ಬಿಟ್ಟು ಬರೆದಿದ್ದೆವು. ತರಗತಿಯಲ್ಲಿ ಇಂಥ ಹೆಡ್‌ಲೈನ್‌ಗಳನ್ನು ಎಷ್ಟು ಗೇಲಿ ಮಾಡಿದ್ದೇವೋ!

ಅಮ್ಮ ಈಗ ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಆಗಾಗ ರಕ್ತಪರೀಕ್ಷೆ, ಸ್ಕ್ಯಾನ್ ಇದ್ದೇ ಇದೆ. ಹಸು ಕೊಟ್ಟಿಗೆಯಲ್ಲೇ ಇದೆ. ಮೊನ್ನೆ ಹೋದಾಗ ಕಾಫಿ ಕೊಡುತ್ತಾ, 'ಈ ಸಲದ ರಿಪೋರ್ಟ್ ನಿಮಗೆ ತೋರ್ಸಲ್ಲಪ್ಪ' ಎಂದು ನಕ್ಕರು. ನಾವೂ ನಕ್ಕೆವು, ತಲೆ ತಗ್ಗಿಸಿಕೊಂಡು.