ಕಡೆಯ ಬೆಂಚಿನ ಶ್ರೋತೃ

ನಮ್ಮ ತಂದೆಯವರು ತೀರಿಕೊಂಡು ಆರು ವರ್ಷಗಳಾದವು. ಕಳೆದ ತಿಂಗಳು ಒಂದು ಬೆಳಗಿನ ಜಾವ ಅವರು ನನ್ನ ತರಗತಿಗೆ ಬಂದರು. ಕಡೆಯ ಬೆಂಚಿನಲ್ಲಿ, ಮಡಿಸಿದ ಕೊಡೆಯನ್ನು ಮೊಣಕಾಲಿಗೆ ಆನಿಸಿಕೊಂಡು ಕುಳಿತು, ನಾನು ಗದುಗಿನ ಭಾರತವನ್ನು ಪಾಠ ಹೇಳುವುದನ್ನು ಕೇಳುತ್ತಿದ್ದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಕಣ್ಣು ತೆರೆದರೆ ಹಾಲಿನವನು ಬಾಗಿಲು ತಟ್ಟುತ್ತಿದ್ದ.

ಕನಸೇನೋ ಸಾಧಾರಣವಾದುದೇ. ಆದರೆ ನಾನು ಕಾನೂನು ಓದಬೇಕೆಂಬುದು ಅವರ ಆಸೆಯಾಗಿತ್ತು. ಕನ್ನಡ ಎಂ.ಎ.ಗೆ ಸೇರಿದಂದಿನಿಂದ ನಮ್ಮಿಬ್ಬರ ಮಾತು ಊಟ, ಔಷಧಿಗಳ ವಿಚಾರಕ್ಕೆ ಮಿತವಾಯಿತು. “ಅವರೆಲ್ಲಿ ನಿನ್ನ ಕಾಲೇಜಿಗೆ ಬಂದಿದ್ದರಪ್ಪ?” ಎಂದರು ತಾಯಿ. ಹಾಗಾದರೆ ಎಂದೂ ನಡೆಯದುದನ್ನು ಕನಸು ಎಲ್ಲಿಂದ ತಂದಿತು?

ಈ ವಿಚಾರವನ್ನು ನಮ್ಮ ಹಿರಿಯರೂ ಬಿಟ್ಟಿಲ್ಲ. ಯೋಗಸೂತ್ರದ ಭಾಷ್ಯದಲ್ಲಿ ವ್ಯಾಸರು ಸ್ಮೃತಿಯನ್ನೇ ಎರಡಾಗಿ ವಿಂಗಡಿಸುತ್ತಾರೆ: ಸ್ವಪ್ನದ ಸ್ಮೃತಿಗೆ ವಿಷಯವಾಗುವುದು ಕಲ್ಪಿತವಾದುದು, ಜಾಗ್ರತ್ತಿನ ಸ್ಮೃತಿಗೆ ಕಲ್ಪಿತವಲ್ಲದುದು. ಕನಸೂ ನೆನಪೇ ಎಂದಾಯಿತು. ಸಾಮಗ್ರಿ ಹಳೆಯದು, ಜೋಡಣೆ ಹೊಸದು. ವಿಜ್ಞಾನವೂ ಈ ಬಾಗಿಲನ್ನು ತಟ್ಟಿದೆ. ನಿದ್ರಿಸುವವರ ಮುಚ್ಚಿದ ಕಣ್ಣುಗಳು ವೇಗವಾಗಿ ಚಲಿಸುವಾಗ ಎಬ್ಬಿಸಿದರೆ ಹೆಚ್ಚಿನ ಬಾರಿ ಅವರು ಕನಸೊಂದನ್ನು ಹೇಳುತ್ತಾರೆಂದು 1953ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ತೋರಿಸಿದರು. ಹಗಲು ಓಡಾಡಿದಾಗ ಇಲಿಯ ಮಿದುಳಿನಲ್ಲಿ ಒಟ್ಟಿಗೆ ಸ್ಪಂದಿಸಿದ ಜೀವಕೋಶಗಳು ಅನಂತರದ ನಿದ್ರೆಯಲ್ಲಿಯೂ ಒಟ್ಟಿಗೆ ಸ್ಪಂದಿಸುವುದನ್ನು 1994ರಲ್ಲಿ ವಿಲ್ಸನ್ ಮತ್ತು ಮ್ಯಾಕ್‌ನಾಟನ್ ಕಂಡರು. ಆ ಇಲಿ ಕನಸು ಕಂಡಿತೆ ಎಂದು ಹೇಳಬಲ್ಲವರಾರು? ನಡೆದುದು ನಿದ್ರೆಯಲ್ಲಿ ಮತ್ತೆ ಮಿಡಿಯುತ್ತದೆಂಬುದಂತೂ ನಿಜ.

ಸಾಮಗ್ರಿ ಹಳೆಯದೇ ಆದರೆ ಅದು ನನ್ನಲ್ಲಿಯೇ ಇರಬೇಕಷ್ಟೆ. ಹುಡುಕಿದೆ. ಎರಡು ದಿನಗಳ ಮೇಲೆ ನೆನಪಾದುದು ಮುಖವಲ್ಲ, ಒಂದು ಸದ್ದು. ರಾತ್ರಿ ಊಟವಾದ ಮೇಲೆ ತಂದೆಯವರು ನಡುಮನೆಯ ಉಯ್ಯಾಲೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಸರಪಳಿ ಕಿರ್ ಕಿರ್ ಎನ್ನುತ್ತಿತ್ತು. ಕೋಣೆಯೊಳಗೆ ನಾನು ಭಾರತವನ್ನು ರಾಗವಾಗಿ ಓದತೊಡಗಿದೊಡನೆ ಆ ಸದ್ದು ನಿಲ್ಲುತ್ತಿತ್ತು. ಪುಸ್ತಕ ಮುಚ್ಚಿದ ಮೇಲೆ ಮತ್ತೆ ಮೊದಲಾಗುತ್ತಿತ್ತು. ಎರಡು ವರ್ಷ ಹೀಗೆಯೇ ನಡೆಯಿತು. ಕಿವಿ ಅದನ್ನು ಕೇಳಿತ್ತು; ಸಿಟ್ಟಿನಲ್ಲಿದ್ದ ಮನಸ್ಸು ಕೇಳಿರಲಿಲ್ಲ.

ಈ ನೆನಪನ್ನೂ ಕನಸೇ ಹೆಣೆಯಿತೋ ಎಂಬ ಅಂಜಿಕೆಯಿಂದ ತಾಯಿಯನ್ನು ಮತ್ತೆ ವಿಚಾರಿಸಿದೆ. “ಹೂಂ, ನಿಲ್ಲಿಸುತ್ತಿದ್ದರು. ಸರಪಳಿಗೆ ಎಣ್ಣೆ ಹಾಕಿಸಿ ಅಂದರೆ ಮಾತ್ರ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ” ಎಂದರು.

ಕೇಳುವುದಕ್ಕಾಗಿಯೇ ನಿಲ್ಲಿಸುತ್ತಿದ್ದರೋ, ಜೊಂಪು ಹತ್ತುತ್ತಿತ್ತೋ, ಈಗ ಹೇಳುವವರಿಲ್ಲ. ಕನಸು ಸಾಕ್ಷಿಯಲ್ಲ, ನೆನಪಿನ ಮನೆಯಲ್ಲಿ ಯಾವ ಮೂಲೆಯನ್ನು ನೋಡಬೇಕೆಂದು ತೋರಿಸುವ ಬೆರಳು. ನೋಡಬೇಕಾದವರು ಎಚ್ಚರವಾಗಿರುವ ನಾವೇ.

ಆ ಉಯ್ಯಾಲೆ ಈಗಲೂ ನಮ್ಮ ಮನೆಯಲ್ಲಿದೆ. ಸರಪಳಿಗೆ ಎಣ್ಣೆ ಹಾಕಬೇಕೆಂದುಕೊಂಡಿದ್ದೆ. ಇರಲಿ ಎಂದು ಬಿಟ್ಟಿದ್ದೇನೆ.